ಹಳೆಯ ಪ್ರೀಮಿಯಂ ಫಿಲ್ಮ್ ಕ್ಯಾಮೆರಾ ಕೊಳ್ಳುವುದು ಹೇಗೆ?

ಅಜ್ಜಿ ಒತ್ತು ಶಾವಿಗೆ ಒತ್ತುತ್ತಿದ್ದರು. ಅವರ ಕೈ ಮಾತ್ರ ಬರಲಿ ಅಂತ ತೀರಾ ಹತ್ತಿರ ಹೋಗಿ ನಾಲ್ಕು ಫೋಟೊ ತೆಗೆದೆ. ರೀಲು ತೊಳೆಸಿದಾಗ ನಾಲ್ಕೂ ಮಸುಕು. ಕ್ಯಾಮೆರಾ ಕೆಟ್ಟಿರಲಿಲ್ಲ. ಅಷ್ಟು ಹತ್ತಿರದ ವಸ್ತುವಿಗೆ ಅದು ಫೋಕಸ್ ಮಾಡುವುದೇ ಇಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಕೊಳ್ಳುವಾಗ ಹೊಳೆಯುವ ಲೋಹದ ಮೈ ನೋಡಿದ್ದೆ, ಲೆನ್ಸ್ ಮೇಲಿನ ಹೆಸರು ನೋಡಿದ್ದೆ, ಅಷ್ಟೇ.

ಈ ಜಾತಿಯ, ಅಂದರೆ ಜೇಬಿಗೆ ಹಿಡಿಯುವ ದುಬಾರಿ ಫಿಲ್ಮ್ ಕ್ಯಾಮೆರಾಗಳ ಕಾಲ ಚಿಕ್ಕದು. 1990ರಲ್ಲಿ ಜಪಾನಿನ ಕ್ಯೋಸೆರಾ ಕಂಪನಿ ಕಾಂಟ್ಯಾಕ್ಸ್ ಟಿ2 ತಂದಿತು: ಟೈಟಾನಿಯಂ ಮೈ, ಜರ್ಮನಿಯ ಝೈಸ್ ಕಂಪನಿ ಹೆಸರಿನ ಲೆನ್ಸ್, ತಾನೇ ಫೋಕಸ್ ಮಾಡುವ ಸೌಲಭ್ಯ. ಆಮೇಲೆ ನಿಕಾನ್ 35ಟಿಐ, ಲೈಕಾ ಮಿನಿಲಕ್ಸ್, 1996ರಲ್ಲಿ ರಿಕೋ ಜಿಆರ್1 ಮತ್ತು ಮಿನೋಲ್ಟಾ ಟಿಸಿ-1, 2001ರಲ್ಲಿ ಕಾಂಟ್ಯಾಕ್ಸ್ ಟಿ3 ಬಂದವು. ಈಗ ಇವು ಯಾವುವೂ ತಯಾರಾಗುತ್ತಿಲ್ಲ. ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್, ಬೆಲೆ ಮಾತ್ರ ಏರಿದೆ.

ಮೊದಲು: ಎಷ್ಟು ಹತ್ತಿರ, ಎಷ್ಟು ಅಗಲ?

ಈ ಕ್ಯಾಮೆರಾಗಳಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ, ಪಕ್ಕದ ಬೇರೆ ಕಿಂಡಿಯಲ್ಲಿ ನೋಡುತ್ತೇವೆ. ಚಿತ್ರ ಮಸುಕಾಗಿದ್ದರೂ ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗೇ ಕಾಣುತ್ತದೆ. ಹಾಗಾಗಿ ನನಗೆ ಲೆನ್ಸಿನ ಹೆಸರಿಗಿಂತ ಎರಡು ಸಂಗತಿ ಮುಖ್ಯ: ಕ್ಯಾಮೆರಾ ಎಷ್ಟು ಹತ್ತಿರಕ್ಕೆ ಫೋಕಸ್ ಮಾಡುತ್ತದೆ, ಮತ್ತು ಎಲ್ಲಿಗೆ ಫೋಕಸ್ ಆಯಿತು ಅಂತ ನಮಗೆ ಹೇಳುತ್ತದೆಯೇ?

ಟಿ2 ಮತ್ತು ಮಿನಿಲಕ್ಸ್ 70 ಸೆಂ.ಮೀ.ಗಿಂತ ಹತ್ತಿರ ಬರುವುದಿಲ್ಲ. ಎದುರಿಗೆ ಕೂತವರ ಮುಖಕ್ಕೆ ಸರಿ, ಮುಂದಿರುವ ಕಾಫಿ ಲೋಟಕ್ಕೆ ಸಾಲದು. ಟಿ3 ಮತ್ತು ಜಿಆರ್1 ಸುಮಾರು 35 ಸೆಂ.ಮೀ.ವರೆಗೆ ಬರುತ್ತವೆ. ನಿಕಾನ್ 35ಟಿಐ ಮೇಲ್ಭಾಗದಲ್ಲಿ ಕೈಗಡಿಯಾರದಂಥ ಮುಳ್ಳುಗಳಿವೆ. ಬಟನ್ ಅರ್ಧ ಒತ್ತಿದರೆ ಎಷ್ಟು ದೂರಕ್ಕೆ ಫೋಕಸ್ ಆಗಿದೆ ಅಂತ ಮುಳ್ಳೇ ತೋರಿಸುತ್ತದೆ. ಕೆಲವರು ಇದನ್ನು ಬರೀ ಅಲಂಕಾರ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಸುಕಾದ ಫೋಟೊ ಕೈಗೆ ಬಂದಾಗಲೇ ಅದರ ಬೆಲೆ ತಿಳಿಯುವುದು.

ಇನ್ನು ಅಗಲ. ಲೆನ್ಸಿನ ಮಿ.ಮೀ. ಅಂಕಿ ಚಿಕ್ಕದಾದಷ್ಟೂ ಚಿತ್ರದಲ್ಲಿ ಹೆಚ್ಚು ಅಗಲ ಸಿಗುತ್ತದೆ. ಜಿಆರ್1 ಮತ್ತು ಟಿಸಿ-1 ಎರಡರಲ್ಲೂ 28 ಮಿ.ಮೀ. ಲೆನ್ಸ್, ಬೀದಿಗೂ ಇಕ್ಕಟ್ಟಾದ ಕೋಣೆಗೂ ಚೆನ್ನ. ಟಿ2ನಲ್ಲಿ 38, ಮಿನಿಲಕ್ಸ್‌ನಲ್ಲಿ 40. ಜನರ ಮುಖ ಜಾಸ್ತಿ ತೆಗೆಯುವವರಿಗೆ ಇವೇ ಹಿತ. ದಿನವೂ ಜೇಬಿನಲ್ಲಿಡಲು ಒಂದನ್ನೇ ಆರಿಸು ಅಂದರೆ ನಾನು ಜಿಆರ್1 ಅನ್ನುತ್ತೇನೆ. ತೆಳ್ಳಗಿದೆ, ಹಗುರ. ರೀಲು ಹಾಕಿದ ಕೂಡಲೇ ಅದನ್ನು ಪೂರ್ತಿ ಹೊರಗೆಳೆದುಕೊಂಡು, ಒಂದೊಂದು ಫೋಟೊ ತೆಗೆದಂತೆ ಡಬ್ಬಿಯೊಳಗೆ ಸುತ್ತುತ್ತದೆ. ಅಕಸ್ಮಾತ್ ಮುಚ್ಚಳ ತೆರೆದರೂ ತೆಗೆದ ಫೋಟೊಗಳು ಉಳಿಯುತ್ತವೆ.

ಅಂಗಡಿಯಲ್ಲಿ

ನಿಮ್ಮದೇ ಹೊಸ ಬ್ಯಾಟರಿ ಮತ್ತು ಅವಧಿ ಮುಗಿದ ಒಂದು ರೀಲು ಒಯ್ಯಿರಿ. ಟಿ2, 35ಟಿಐ, ಟಿಸಿ-1 ಮತ್ತು ಮಿನಿಲಕ್ಸ್‌ಗೆ ಸಿಆರ್123ಎ, ಜಿಆರ್1 ಮತ್ತು ಟಿ3ಗೆ ಸಿಆರ್2. "ಬ್ಯಾಟರಿ ಇಲ್ಲ ಸರ್, ಆದ್ರೆ ವರ್ಕಿಂಗ್ ಕಂಡೀಷನ್" ಅಂದರೆ ನಂಬಬೇಡಿ.

ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಆನ್ ಮಾಡಿ, ಲೆನ್ಸ್ ತಡವರಿಸದೆ ಹೊರಬರಬೇಕು. ಮೊಬೈಲ್ ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಗಮನಿಸಿ, ಅದು ಫಂಗಸ್. ಜಿಆರ್1 ಆದರೆ ಮೇಲಿನ ಡಿಸ್‌ಪ್ಲೇ ಅಂಕಿಗಳು ಪೂರ್ತಿ ಕಾಣುತ್ತವೆಯೇ ಪರೀಕ್ಷಿಸಿ, ಅವು ಅಳಿಸಿಹೋಗುವುದು ಅದರ ಹಳೆಯ ಕಾಯಿಲೆ. ಮಿನಿಲಕ್ಸ್‌ನದು ಇನ್ನೂ ಕಷ್ಟ: ಒಳಗಿನ ಸಣ್ಣ ವೈರ್ ಪಟ್ಟಿ ಸವೆದು "ಇ02" ಅಂತ ತೋರಿಸಿ ನಿಂತುಬಿಡುತ್ತದೆ. ಹತ್ತಿಪ್ಪತ್ತು ಸಲ ಆನ್, ಆಫ್ ಮಾಡಿ ನೋಡಿ. ಕೊನೆಗೆ ರೀಲು ಹಾಕಿ, ಪೂರ್ತಿ ಓಡಿಸಿ, ವಾಪಸ್ ಸುತ್ತುವವರೆಗೂ ಕಾಯಿರಿ. ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ. ಲೆನ್ಸ್ ಗಟ್ಟಿಯೇ ಇರಬಹುದು, ಸರ್ಕಿಟ್ ಹೋದರೆ ಬಿಡಿಭಾಗ ಇನ್ನೊಂದು ಸತ್ತ ಕ್ಯಾಮೆರಾದಿಂದಲೇ ಬರಬೇಕು.

ಮೊದಲ ರೀಲು

ಐಎಸ್‌ಒ 400 ರೀಲು ಹಾಕಿ (ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ ಐಎಸ್‌ಒ). ಹಬ್ಬ, ಮದುವೆಗೆ ಒಯ್ಯಬೇಡಿ, ಸುಮ್ನೆ ಪರೀಕ್ಷೆಗೆ ಇಡಿ. ಒಂದು ಮೀಟರ್, ಮೂರು ಮೀಟರ್, ದೂರದ ಮರ ಹೀಗೆ ತೆಗೆದು ಯಾವುದು ಎಷ್ಟನೆಯದು ಅಂತ ಬರೆದಿಡಿ.

ಇಬ್ಬರು ಅಕ್ಕಪಕ್ಕ ನಿಂತಾಗ ಕಿಂಡಿಯ ಮಧ್ಯದ ಫೋಕಸ್ ಗುರುತು ಅವರ ನಡುವಿನ ಜಾಗಕ್ಕೆ ಬೀಳುತ್ತದೆ. ಕ್ಯಾಮೆರಾ ಅವರ ಹಿಂದಿನ ಗೋಡೆಗೆ ಫೋಕಸ್ ಮಾಡುತ್ತದೆ, ಇಬ್ಬರೂ ಮಸುಕು. ಒಬ್ಬರ ಮುಖಕ್ಕೆ ಗುರುತು ಇಟ್ಟು ಬಟನ್ ಅರ್ಧ ಒತ್ತಿ, ಹಾಗೇ ಹಿಡಿದು ಚೌಕಟ್ಟು ಸರಿಮಾಡಿಕೊಂಡು ಪೂರ್ತಿ ಒತ್ತಿ. ಬಸ್ಸಿನ ಗಾಜಿನಾಚೆಯ ಬೆಟ್ಟ ಬೇಕಾದರೆ ಇದು ನಡೆಯುವುದಿಲ್ಲ. ಟಿ2 ದೂರ ಅಳೆಯಲು ಕಳಿಸುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಗೆ ಗಾಜು ಅಡ್ಡ ಬರಬಹುದು. ಆಗ ಫೋಕಸ್ ಚಕ್ರವನ್ನು ಕೈಯಿಂದಲೇ ಅನಂತಕ್ಕೆ, ಅಂದರೆ ತೀರಾ ದೂರದ ಗುರುತಿಗೆ, ತಿರುಗಿಸಿ.

ಮಳೆಗಾಲದಲ್ಲಿ

ಮಲೆನಾಡು, ಕರಾವಳಿಯವರು ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ. ರೀಲು ಒಳಗಿದ್ದರೆ ಮಾತ್ರ ಮೊದಲು ಅದನ್ನು ಮುಗಿಸಿ ಹೊರತೆಗೆಯಿರಿ.