ಕಾವಿ ತೊಟ್ಟು ಹಣ ಕೇಳುವವರು: ಮೆಲ್ಬರ್ನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮೆಲ್ಬರ್ನ್‌ಗೆ ಬಂದಿಳಿದ ಹೊಸಬರಿಗೆ ಬಾಡಿಗೆ ಮನೆಯ ಸುಳ್ಳು ಜಾಹೀರಾತುಗಳ ಬಗ್ಗೆ, ತೆರಿಗೆ ಇಲಾಖೆಯ ಹೆಸರಿನಲ್ಲಿ ಬರುವ ಬೆದರಿಕೆ ಕರೆಗಳ ಬಗ್ಗೆ ಎಚ್ಚರಿಕೆ ಹೇಳುವವರು ಬಹಳ ಮಂದಿ ಇದ್ದಾರೆ. ಬೌದ್ಧ ಭಿಕ್ಷುಗಳ ವೇಷದಲ್ಲಿ ಬೀದಿಯಲ್ಲಿ ಹಣ ಕೇಳುವವರ ಬಗ್ಗೆ ಮಾತ್ರ ಸಾಮಾನ್ಯವಾಗಿ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಇಪ್ಪತ್ತೋ ಐವತ್ತೋ ಡಾಲರ್ ಕೊಟ್ಟು ಮನೆಗೆ ಬಂದು, ಸಂಜೆ ಯಾರ ಬಳಿಯೋ ಮಾತಿಗೆ ಹೇಳಿದಾಗಲೇ ವಿಷಯ ತಿಳಿಯುತ್ತದೆ. ಈ ಮೋಸಕ್ಕೆ ನಮ್ಮ ಜನ ಸುಲಭವಾಗಿ ಸಿಕ್ಕಿಬೀಳುವುದಕ್ಕೆ ಕಾರಣವೂ ಇದೆ. ಬಾಗಿಲಿಗೆ ಬಂದ ಜಂಗಮರನ್ನಾಗಲಿ ದಾಸಯ್ಯನನ್ನಾಗಲಿ ಬರಿಗೈಯಲ್ಲಿ ಕಳಿಸಬಾರದೆಂದು ಕಲಿಸಿದ ಮನೆಗಳಿಂದ ನಾವು ಬಂದಿದ್ದೇವೆ. ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರವನ್ನೋ ಮುಂಡಗೋಡಿನ ಟಿಬೆಟನ್ ವಸಾಹತನ್ನೋ ನೋಡಿ, ಭಿಕ್ಷುಗಳೆಂದರೆ ಗೌರವಕ್ಕೆ ಪಾತ್ರರೆಂಬ ಭಾವನೆಯನ್ನು ಬೆಳೆಸಿಕೊಂಡಿದ್ದೇವೆ. ಆ ಭಾವನೆ ತಪ್ಪಲ್ಲ, ಅದನ್ನು ಬಿಡಬೇಕಾಗಿಯೂ ಇಲ್ಲ. ಆದರೆ ನಕಲಿ ಭಿಕ್ಷುಗಳು ಕೈ ಹಾಕುವುದು ಅದೇ ಭಾವನೆಗೆ.

ನಗರದ ಮಧ್ಯಭಾಗದ ಜನನಿಬಿಡ ಬೀದಿಗಳು, ರೈಲು ನಿಲ್ದಾಣಗಳ ಬಾಗಿಲುಗಳು, ಬಾಕ್ಸ್ ಹಿಲ್‌ನಂಥ ಉಪನಗರಗಳ ಅಂಗಡಿ ಸಾಲುಗಳು ಇವರಿಗೆ ಅನುಕೂಲವಾದ ಜಾಗಗಳು. ಗಂಡಸರಾದರೆ ಹಳದಿ, ಕಿತ್ತಳೆ ಅಥವಾ ಕಂದು ನಿಲುವಂಗಿ. ಹೆಂಗಸರಾದರೆ ಹೆಚ್ಚಾಗಿ ಬೂದು ಬಣ್ಣದ ಉಡುಪು. ನಗುತ್ತಾ ಎದುರಿಗೆ ಬಂದು ತಲೆಬಾಗಿ, ನೀವು ಏನೆಂದು ಯೋಚಿಸುವಷ್ಟರಲ್ಲಿ ಒಂದು ವಸ್ತುವನ್ನು ನಿಮ್ಮ ಅಂಗೈಗೆ ಇಟ್ಟಿರುತ್ತಾರೆ. ಅದು ಸಾಮಾನ್ಯವಾಗಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಪುಟ್ಟ ಕಾರ್ಡು: ಒಂದು ಬದಿಗೆ ಬುದ್ಧನ ಅಥವಾ ಬೋಧಿಸತ್ವನ ಚಿತ್ರ, ಇನ್ನೊಂದು ಬದಿಗೆ ಕೆಲಸ ಸುಗಮವಾಗಲಿ, ಬಾಳಿಡೀ ನೆಮ್ಮದಿ ಇರಲಿ ಎಂಬ ಅರ್ಥದ, ಅರೆಬರೆ ಇಂಗ್ಲಿಷಿನ ಒಂದು ಸಾಲು. ಕೆಲವರು ಕಂದು ಮಣಿಗಳ ಸರವನ್ನು ನೇರವಾಗಿ ಮುಂಗೈಗೇ ಹಾಕಿಬಿಡುತ್ತಾರೆ. ಆಮೇಲೆ ಒಂದು ನೋಟ್‌ಬುಕ್ ಹೊರಬರುತ್ತದೆ. ಅದರಲ್ಲಿ ಕಟ್ಟಲಾಗುತ್ತಿದೆ ಎನ್ನಲಾದ ಒಂದು ದೇವಾಲಯದ ಫೋಟೋ ಇರುತ್ತದೆ, ಕೆಳಗೆ ಹೆಸರು ಮತ್ತು ಮೊತ್ತದ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಒಂದು ಕ್ಷಣ ಗಮನಿಸಿ: ಇಪ್ಪತ್ತು, ಐವತ್ತು, ನೂರು ಎಂಬ ದುಂಡು ಮೊತ್ತಗಳು ಸಾಲಾಗಿ ಇರುತ್ತವೆ, ಐದು ಡಾಲರ್ ಕೊಟ್ಟವರು ಯಾರೂ ಇರುವುದಿಲ್ಲ. ಮೊದಲಿನವರೆಲ್ಲ ಇಷ್ಟು ಕೊಟ್ಟಿರುವಾಗ ತಾನು ಕಡಿಮೆ ಕೊಡುವುದು ಹೇಗೆ ಎಂಬ ಸಂಕೋಚವನ್ನು ಹುಟ್ಟಿಸುವುದಷ್ಟೇ ಆ ಪಟ್ಟಿಯ ಕೆಲಸ. ಕಡಿಮೆ ಕೊಟ್ಟರೆ ಮುಖ ಗಂಟಿಕ್ಕಿಕೊಂಡು ಇನ್ನಷ್ಟು ಕೇಳುತ್ತಾರೆ. ಏನೂ ಕೊಡದಿದ್ದರೆ ಕೊಟ್ಟ ವಸ್ತುವನ್ನು ಕಿತ್ತುಕೊಳ್ಳುವುದೂ ಉಂಟು.

ಇದು ಈ ಊರಿನಲ್ಲಿ ಮಾತ್ರ ನಡೆಯುವುದಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಮತ್ತು ಹೈ ಲೈನ್ ಉದ್ಯಾನದಲ್ಲಿ 2016ರಲ್ಲಿ ಇದೇ ಕಾರ್ಡು, ಇದೇ ಮಣಿಸರ, ಇದೇ ನೋಟ್‌ಬುಕ್ ಕಾಣಿಸಿಕೊಂಡು, ಅಲ್ಲಿನ ಬೌದ್ಧ ಸಂಘಟನೆಗಳೇ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಸಿಂಗಪುರ, ಹಾಂಗ್‌ಕಾಂಗ್, ಆಕ್ಲೆಂಡ್‌ಗಳಲ್ಲಿಯೂ ಇದು ಹಳೆಯ ಸಮಸ್ಯೆ. ಆದ್ದರಿಂದ ನೀವು ಮುಂದೆ ಬೇರೆ ದೇಶಕ್ಕೆ ಹೋದರೂ ಗುರುತಿಸುವ ರೀತಿ ಒಂದೇ.

ಗುರುತಿಸುವುದಕ್ಕೆ ಎಲ್ಲಕ್ಕಿಂತ ನಂಬಲರ್ಹವಾದ ಆಧಾರ ಬೌದ್ಧ ಸಂಘದ ನಿಯಮಗಳಲ್ಲೇ ಇದೆ. ಚಿನ್ನ ಬೆಳ್ಳಿಯನ್ನು, ಎಂದರೆ ಹಣವನ್ನು, ಸ್ವೀಕರಿಸಬಾರದೆಂಬುದು ಸಾಮಣೇರರು, ಎಂದರೆ ಇನ್ನೂ ಪೂರ್ಣ ದೀಕ್ಷೆ ಪಡೆಯದ ಕಿರಿಯರು, ಪಾಲಿಸುವ ಹತ್ತು ಶೀಲಗಳಲ್ಲಿ ಕೊನೆಯದು. ಉಪಸಂಪದೆ, ಎಂದರೆ ಪೂರ್ಣ ದೀಕ್ಷೆ, ಪಡೆದ ಭಿಕ್ಷುಗಳಿಗೆ ಸಂಘದ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ಇದೇ ನಿಷೇಧ ಪ್ರತ್ಯೇಕವಾಗಿ ಇದೆ. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳ ಥೇರವಾದ ಸಂಪ್ರದಾಯದಲ್ಲಿ ಪಿಂಡಪಾತಕ್ಕೆ, ಎಂದರೆ ಆಹಾರದ ಭಿಕ್ಷೆಗೆ, ಹೊರಡುವ ಭಿಕ್ಷು ಬೆಳಗಿನ ಹೊತ್ತು ಪಾತ್ರೆ ಹಿಡಿದು ಮೌನವಾಗಿ ನಡೆಯುತ್ತಾನೆ, ಯಾರನ್ನೂ ಕೇಳುವುದಿಲ್ಲ, ಕೊಟ್ಟ ಆಹಾರವನ್ನು ಮಧ್ಯಾಹ್ನದೊಳಗೆ ಉಣ್ಣುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಟ್ರಾಮ್ ನಿಲ್ದಾಣದಲ್ಲಿ ತೋಳು ಹಿಡಿದು ನೋಟು ಕೇಳುವವನಿಗೂ ಆ ಸಂಪ್ರದಾಯಕ್ಕೂ ಯಾವ ಸಂಬಂಧವೂ ಇಲ್ಲ. ಚೀನೀ ಮಹಾಯಾನ ವಿಹಾರಗಳಲ್ಲಿ ಹಣದ ವಿಷಯದ ಆಚರಣೆ ಇಷ್ಟು ಬಿಗಿಯಾಗಿಲ್ಲದಿರಬಹುದು, ಜಪಾನಿನ ಝೆನ್ ಭಿಕ್ಷುಗಳು ಬೀದಿಯಲ್ಲಿ ನಿಂತು ಕಾಣಿಕೆ ಪಡೆಯುವ ಪದ್ಧತಿಯೂ ಉಂಟು. ಆದರೆ ಅವರು ನಿಂತಲ್ಲಿಯೇ ನಿಂತು ಸೂತ್ರ ಪಠಿಸುತ್ತಾರೆಯೇ ಹೊರತು ದಾರಿಹೋಕರನ್ನು ಅಡ್ಡಗಟ್ಟಿ ತಾಯಿತ ಮಾರುವುದಿಲ್ಲ, ಇಷ್ಟೇ ಕೊಡಿ ಎನ್ನುವುದಿಲ್ಲ. ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳು ನೆನಪಿಡಬೇಕು. ಶೀಲವಂತ ಭಿಕ್ಷುಗಳು ಹೆಂಗಸರನ್ನು ಮುಟ್ಟುವುದಿಲ್ಲ. ಅಪರಿಚಿತಳ ಕೈ ಹಿಡಿದು ಮಣಿಸರ ತೊಡಿಸುವವನು ಆ ಒಂದು ನಡತೆಯಿಂದಲೇ ತಾನಾರೆಂದು ತೋರಿಸಿಕೊಟ್ಟಂತಾಯಿತು.

ಇದಕ್ಕೆ ಬದಲಾಗಿ ಕೆಲವರು ಬೂಟು, ಮೊಬೈಲು, ನಿಲುವಂಗಿಯ ಕೆಳಗೆ ಕಾಣುವ ಪ್ಯಾಂಟು ಇವುಗಳನ್ನು ನೋಡಿ ತೀರ್ಮಾನಿಸುತ್ತಾರೆ. ಇದು ಸರಿಯಲ್ಲ. ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ನಿಜವಾದ ಭಿಕ್ಷುಗಳೂ ಬೂಟು, ಉಣ್ಣೆ ಟೋಪಿ ಹಾಕುತ್ತಾರೆ, ಮೊಬೈಲ್ ಬಳಸುತ್ತಾರೆ. ಚೀನೀ ಮುಖ ಕಂಡೊಡನೆ ಸಂಶಯಪಡುವುದಂತೂ ತೀರಾ ಅನ್ಯಾಯ. ಈ ನಗರದ ಚೀನೀ ಮತ್ತು ವಿಯೆಟ್ನಾಮೀ ಬೌದ್ಧರೇ ಈ ವೇಷಧಾರಿಗಳಿಂದ ಹೆಚ್ಚು ನೊಂದವರು. ಉಡುಪನ್ನು ನೋಡಬೇಡಿ, ಕೇಳುವ ರೀತಿಯನ್ನು ನೋಡಿ.

ಕಾನೂನಿನ ಸಹಾಯವೂ ನಿಮಗಿದೆ. ವಿಕ್ಟೋರಿಯಾ ರಾಜ್ಯದ 1998ರ ಫಂಡ್‌ರೈಸಿಂಗ್ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಾರ್ವಜನಿಕರಿಂದ ದೇಣಿಗೆ ಎತ್ತುವ ಸಂಸ್ಥೆ ನೋಂದಾಯಿತವಾಗಿರಬೇಕು ಮತ್ತು ಎದುರಿಗೆ ನಿಂತು ಸಂಗ್ರಹಿಸುವವರು ಗುರುತಿನ ಬ್ಯಾಡ್ಜ್ ಧರಿಸಿರಬೇಕು. ಯಾವ ವಿಹಾರದವರು, ಅದರ ವಿಳಾಸವೇನು, ಸಂಸ್ಥೆಗೆ ಸರ್ಕಾರ ಕೊಡುವ ಎಬಿಎನ್ ಸಂಖ್ಯೆ ಏನು ಎಂದು ಶಾಂತವಾಗಿ ಕೇಳಿ. ನಿಜವಾದ ಸಂಸ್ಥೆಯಾದರೆ ಅದರ ಹೆಸರನ್ನು ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಆಸ್ಟ್ರೇಲಿಯಾದ ಆಯೋಗವಾದ ಎಸಿಎನ್‌ಸಿಯ ಚಾರಿಟಿ ರಿಜಿಸ್ಟರಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ನಕಲಿಗಳು ಈ ಪ್ರಶ್ನೆ ಕೇಳಿದೊಡನೆ ಇಂಗ್ಲಿಷ್ ಬಾರದೆಂದು ಕೈಯಾಡಿಸಿ ಮುಂದಿನವರತ್ತ ಹೋಗುತ್ತಾರೆ.

ಎದುರಾದಾಗ ಮಾಡಬೇಕಾದುದು ಸರಳ. ಕೈ ಚಾಚಬೇಡಿ, ಕೊಡಲು ಬಂದದ್ದನ್ನು ತೆಗೆದುಕೊಳ್ಳಬೇಡಿ. ಆಗಲೇ ಕೈಗೆ ಬಂದಿದ್ದರೆ ಹಿಂದಿರುಗಿಸಿ, ಅವರು ತೆಗೆದುಕೊಳ್ಳದಿದ್ದರೆ ಪಕ್ಕದ ಕಟ್ಟೆಯ ಮೇಲಿಟ್ಟು ನಡೆಯಿರಿ. ಪರ್ಸನ್ನು ಅವರೆದುರು ತೆರೆಯಬೇಡಿ. ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್ ಬರೆಯಬೇಡಿ. ಬೆನ್ನು ಹತ್ತಿದರೆ ಹತ್ತಿರದ ಅಂಗಡಿಯೊಳಗೆ ಹೋಗಿ. ಜಗಳ ತೆಗೆಯುವುದಾಗಲಿ, ವಿಡಿಯೊ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹರಡುವುದಾಗಲಿ ಬೇಡ. ಯಾರೋ ನಿಜವಾದ ಭಿಕ್ಷುವಿನ ಮುಖ ಹಾಗೆ ಹರಿದಾಡಿದರೆ ಆ ಹಾನಿಯನ್ನು ಸರಿಪಡಿಸಲಾಗುವುದಿಲ್ಲ.

ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇನ್ನೂ ಹೆಚ್ಚಿನ ಕಾಳಜಿ ಬೇಕು. ಮಕ್ಕಳು ಕೆಲಸಕ್ಕೆ ಹೋದಾಗ ಅವರು ಒಬ್ಬರೇ ತಿರುಗಾಡುತ್ತಾರೆ, ಜೇಬಿನಲ್ಲಿ ಮಗ ಕೊಟ್ಟ ನೋಟಿರುತ್ತದೆ, ಭಾಷೆ ಸರಿಯಾಗಿ ಬಾರದ ಊರಿನಲ್ಲಿ ಒಬ್ಬರು ನಕ್ಕು ಕೈಮುಗಿದರೆ ಮನಸ್ಸು ಕರಗುತ್ತದೆ. ಕೊಟ್ಟ ಐವತ್ತು ಡಾಲರ್ ಎಂದರೆ ಎರಡೂವರೆ ಸಾವಿರ ರೂಪಾಯಿಗಿಂತ ಹೆಚ್ಚೆಂದು ಆಮೇಲೆ ಲೆಕ್ಕ ಹಾಕಿ, ಮಕ್ಕಳಿಗೆ ಹೇಳಲಾರದೆ ತಾವೇ ಸಂಕಟಪಡುತ್ತಾರೆ. ಹಾಗಾಗುವ ಮೊದಲೇ, ಬೈಯುವ ಧಾಟಿಯಲ್ಲಿ ಅಲ್ಲದೆ, ಕೂತು ಹೇಳಿ: ಅಮ್ಮ, ಇಲ್ಲಿ ನಿಜವಾದ ಸ್ವಾಮಿಗಳು ಬೀದಿಯಲ್ಲಿ ದುಡ್ಡು ಕೇಳುವುದಿಲ್ಲ, ಬೇಡ ಎಂದು ಕೈಮುಗಿದು ಬಂದರೆ ಪಾಪ ಬರುವುದಿಲ್ಲ. ಈ ಕೊನೆಯ ಮಾತನ್ನು ಬಿಡಬೇಡಿ. ಅವರಿಗೆ ಮುಖ್ಯವಾಗಿ ಬೇಕಿರುವ ಧೈರ್ಯ ಅದೇ.

ಇನ್ನು ದೂರಿನ ಮಾತು. ಹೋದದ್ದು ಇಪ್ಪತ್ತೇ ಡಾಲರ್, ಅದಕ್ಕೇಕೆ ಇಷ್ಟು ತಲೆನೋವು ಎಂದು ನಮ್ಮಲ್ಲಿ ಬಹುಪಾಲು ಜನ ಸುಮ್ಮನಾಗುತ್ತಾರೆ. ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತೆಂಬ ಭಯ ಇನ್ನು ಕೆಲವರಿಗೆ. ಮೋಸಕ್ಕೆ ಒಳಗಾದವರು ಅಥವಾ ಕಂಡವರು ಮಾಹಿತಿ ಕೊಡುವುದರಿಂದ ವೀಸಾಕ್ಕೆ ಏನೂ ಆಗುವುದಿಲ್ಲ. ಒಂದೊಂದೇ ದೂರು ಚಿಕ್ಕದಾಗಿ ಕಂಡರೂ, ಯಾವ ಬೀದಿಯಲ್ಲಿ ಯಾವ ಹೊತ್ತಿನಲ್ಲಿ ಇವರು ಬರುತ್ತಾರೆಂಬ ಚಿತ್ರ ಅಧಿಕಾರಿಗಳಿಗೆ ಸಿಗುವುದು ಅಂಥ ದೂರುಗಳು ಒಟ್ಟಾದಾಗ ಮಾತ್ರ. ನಕಲಿ ದೇಣಿಗೆ ಸಂಗ್ರಹದ ದೂರನ್ನು ರಾಜ್ಯದ ಗ್ರಾಹಕ ವ್ಯವಹಾರಗಳ ಕಚೇರಿಯಾದ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಕ್ಕೆ ಅದರ ವೆಬ್‌ಸೈಟಿನ ಮೂಲಕ ಕೊಡಬಹುದು. ತುರ್ತಿಲ್ಲದ ವಿಷಯಗಳಿಗೆ ವಿಕ್ಟೋರಿಯಾ ಪೊಲೀಸರ ಸಂಖ್ಯೆ 131 444. ಯಾರಾದರೂ ಕೈ ಹಿಡಿದೆಳೆದರೆ, ಬೆದರಿಸಿದರೆ, ಪರ್ಸ್ ಕಿತ್ತುಕೊಂಡರೆ ತಡಮಾಡದೆ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಿ. ದುಭಾಷಿಯ ನೆರವು ಬೇಕಾದವರು 131 450 ಕ್ಕೆ ಕರೆ ಮಾಡಿ ಕೇಳಬಹುದು. ದೂರಿನಲ್ಲಿ ದಿನಾಂಕ, ಹೊತ್ತು, ಬೀದಿ ಮತ್ತು ಹತ್ತಿರದ ಅಂಗಡಿಯ ಹೆಸರು, ಗಂಡಸೋ ಹೆಂಗಸೋ, ಉಡುಪಿನ ಬಣ್ಣ, ಅಂದಾಜು ವಯಸ್ಸು, ಒಬ್ಬರೇ ಇದ್ದರೋ ಜೊತೆಗೆ ಬೇರೆಯವರಿದ್ದರೋ, ಏನು ಕೊಟ್ಟು ಎಷ್ಟು ಕೇಳಿದರು ಎಂಬುದನ್ನು ಬರೆಯಿರಿ. ಕಾರ್ಡು ಕೈಯಲ್ಲೇ ಉಳಿದಿದ್ದರೆ ಅದರ ಎರಡೂ ಬದಿಯ ಫೋಟೋ ಸೇರಿಸಿ. ಆ ದಿನವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಎರಡು ದಿನ ಕಳೆದರೆ ಬಣ್ಣವೂ ಹೊತ್ತೂ ಮರೆತುಹೋಗುತ್ತವೆ.

ದಾನ ಮಾಡಬೇಕೆಂಬ ಮನಸ್ಸಿದ್ದವರಿಗೆ ಮೆಲ್ಬರ್ನ್‌ನಲ್ಲಿ ದಾರಿಗಳು ಬಹಳ ಇವೆ. ಈಸ್ಟ್ ಮಾಲ್ವರ್ನ್‌ನಲ್ಲಿ ಬುದ್ಧಿಸ್ಟ್ ಸೊಸೈಟಿ ಆಫ್ ವಿಕ್ಟೋರಿಯಾ ಇದೆ, ಬ್ರೇಬ್ರೂಕ್‌ನಲ್ಲಿ ವಿಯೆಟ್ನಾಮೀಯರ ಕ್ವಾಂಗ್ ಮಿನ್ ದೇವಾಲಯವಿದೆ, ಕೀಸ್‌ಬರೋದಲ್ಲಿ ಶ್ರೀಲಂಕಾದವರ ಧಮ್ಮ ಸರಣ ವಿಹಾರವಿದೆ. ಮುಂಚಿತವಾಗಿ ಫೋನ್ ಮಾಡಿ, ಭಿಕ್ಷುಗಳ ಮಧ್ಯಾಹ್ನದ ಊಟಕ್ಕೆ ಮೊದಲು ತಲುಪುವಂತೆ ಅಡುಗೆ ಮಾಡಿಕೊಂಡು ಹೋಗಬಹುದು. ಹಣವನ್ನೇ ಕೊಡುವುದಾದರೆ ವಿಹಾರದ ಸಮಿತಿಯ ಖಾತೆಗೆ ಕೊಟ್ಟು ರಸೀದಿ ಕೇಳಿ ಪಡೆಯಿರಿ.