ಕಾರ್ಡ್‌ಶೀಟಿನಲ್ಲಿ ಕೆಲ್ವಿನ್ ಕೋಶ ಮಾಡುವ ಬಗೆ

ಎಂಟು ತ್ರಿಕೋನ ಮುಖಗಳ ಅಷ್ಟಫಲಕದ ಆರು ಮೂಲೆಗಳನ್ನು ಹದವಾಗಿ ಕತ್ತರಿಸಿದರೆ 6 ಚೌಕ, 8 ಷಡ್ಭುಜಗಳ ಒಂದು ಆಕಾರ ಸಿಗುತ್ತದೆ; ಇದೇ ಕೆಲ್ವಿನ್ ಕೋಶ. ಇಂಥವನ್ನೇ ಜೋಡಿಸುತ್ತ ಹೋದರೆ ನಡುವೆ ಎಳ್ಳಷ್ಟೂ ಸಂದಿ ಉಳಿಯುವುದಿಲ್ಲ. ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬರುವ ಕನ್ನಡದ ಮಕ್ಕಳಿಗೆ ಚಿತ್ರದಲ್ಲಿ ತಿಳಿಯದ ಈ ಮಾತು ಆಕಾರವನ್ನು ಕೈಯಲ್ಲಿ ಹಿಡಿದಾಗ ತಿಳಿಯಿತು.

ಎರಡು ಬಣ್ಣದ ದಪ್ಪ ಕಾರ್ಡ್‌ಶೀಟ್ ತನ್ನಿ. ಕೈವಾರವನ್ನು 3 ಸೆಂ.ಮೀ.ಗೆ ಇಟ್ಟು ವೃತ್ತ ಎಳೆದು, ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಆರು ಗುರುತು ಹಾಕಿ ಸೇರಿಸಿದರೆ ಷಡ್ಭುಜವಾಗುತ್ತದೆ. ಬಣ್ಣಕ್ಕೆ ನಾಲ್ಕರಂತೆ ಎಂಟು ಷಡ್ಭುಜ, 3 ಸೆಂ.ಮೀ.ಯ ಆರು ಚೌಕ ಬೇಕು. ಅಂಟಿಸುವ ಪಟ್ಟಿಯನ್ನು ಒಂದೇ ಬಣ್ಣದ ಷಡ್ಭುಜಗಳಿಗೆ, ಒಂದು ಬಿಟ್ಟು ಒಂದು ಅಂಚಿನಲ್ಲಿ ಬಿಡಿ. ಚೌಕಗಳಿಗೆ ನಾಲ್ಕೂ ಅಂಚಿನಲ್ಲಿ ಬಿಡಿ. ಷಡ್ಭುಜಗಳ 12 ಮತ್ತು ಚೌಕಗಳ 24 ಸೇರಿ ಆಕಾರದ 36 ಅಂಚುಗಳಿಗೂ ಒಂದೊಂದೇ ಪಟ್ಟಿ ಸರಿಹೋಗುತ್ತದೆ. ಒಂದೇ ಬಣ್ಣದ ಎರಡು ಷಡ್ಭುಜಗಳ ಅಂಚು ಕೂಡಿದರೆ ಜೋಡಣೆ ತಪ್ಪಿದೆ ಎಂದರ್ಥ.

ಮುಂಬಯಿಯ ಮಳೆಗಾಲದಲ್ಲಿ ಹಾಳೆ ತೇವ ಹೀರುತ್ತದೆ. ಕಳೆದ ಜುಲೈಯಲ್ಲಿ ನಮ್ಮ ಕೋಶಗಳ ಮುಖಗಳು ಉಬ್ಬಿ, ಸಂದಿಯಲ್ಲಿ ಬೆಳಕು ಕಂಡು, ಮಕ್ಕಳು ಗಣಿತವನ್ನೇ ಅನುಮಾನಿಸಿದರು. ಆದ್ದರಿಂದ ಅಂಟನ್ನು ತೆಳುವಾಗಿ ಸವರಿ, ಕತ್ತರಿಸಿದ ತುಂಡುಗಳನ್ನು ಭಾರವಾದ ಪುಸ್ತಕದಡಿ ಒಂದು ರಾತ್ರಿ ಇಡಿ.

ಮೂರು ಕೋಶಗಳನ್ನು ಒಂದು ಅಂಚಿನ ಸುತ್ತ ಕೂಡಿಸಿ ನೋಡಿ: ಅಲ್ಲಿ ಮುಖಗಳ ನಡುವಿನ 125.26, 125.26, 109.47 ಡಿಗ್ರಿಗಳ ಕೋನಗಳು ಸೇರಿ, ದಶಾಂಶದ ಅಂದಾಜು ಬಿಟ್ಟರೆ, ಸರಿಯಾಗಿ 360 ಆಗುತ್ತವೆ. ಸೋಡಿಯಂ ಹರಳಿನಲ್ಲಿ ಪ್ರತಿ ಪರಮಾಣುವಿಗೆ ಅತಿ ಹತ್ತಿರವಿರುವ ಜಾಗವನ್ನು ಪಾಲು ಮಾಡಿಕೊಟ್ಟರೆ ಬರುವುದೂ ಇದೇ ಆಕಾರ. ಸಮ ಗಾತ್ರದ ನೊರೆಗುಳ್ಳೆಗಳಿಗೆ ಅತಿ ಕಡಿಮೆ ಮೇಲ್ಮೈ ಬೇಕಾಗುವುದು ಇದರ ತುಸು ಬಾಗಿದ ರೂಪದಲ್ಲಿ ಎಂದು ಭೌತವಿಜ್ಞಾನಿ ಕೆಲ್ವಿನ್ 1887ರಲ್ಲಿ ಊಹಿಸಿದ್ದರು; 1993ರಲ್ಲಿ ವೇರ್ ಮತ್ತು ಫೆಲಾನ್ ಎರಡು ಬಗೆಯ ಕೋಶಗಳನ್ನು ಬಳಸಿ ಅದಕ್ಕಿಂತ ಸುಮಾರು 0.3% ಕಡಿಮೆ ಮೇಲ್ಮೈಯ ಜೋಡಣೆ ತೋರಿಸಿದರು.

ನನಗೆ ಅತಿ ಮೆಚ್ಚಿನದು ಸಿಮ್ಯುಲೇಶನ್ನಿನ ಬಳಕೆ. ನೀರಿನಲ್ಲಿರುವ ಪ್ರೋಟೀನಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ, ಅವೆರಡನ್ನೂ ಒಂದು ಕಾಲ್ಪನಿಕ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಪ್ರತಿಗಳು ಎಲ್ಲ ದಿಕ್ಕಿಗೂ ಹಬ್ಬಿವೆಯೆಂದು ಭಾವಿಸುವುದರಿಂದ, ಪೆಟ್ಟಿಗೆ ಸಂದಿಯಿಲ್ಲದೆ ಜಾಗ ತುಂಬುವಂಥದ್ದೇ ಆಗಬೇಕು. ನಿಮ್ಮ ಕೋಶದ ಎದುರುಬದುರು ಷಡ್ಭುಜಗಳ ಅಂತರವನ್ನು ಅಳೆದರೆ ಸುಮಾರು 7.35 ಸೆಂ.ಮೀ. ಬರುತ್ತದೆ. ಅಷ್ಟೇ ಬದಿಯ ಘನದ ಗಾತ್ರ 397 ಘನ ಸೆಂ.ಮೀ., ಕೋಶದ್ದು 305. ಪ್ರೋಟೀನ್ ಮತ್ತು ಅದರ ಪ್ರತಿಯ ನಡುವಿನ ಅಂತರ ಕಡಿಮೆಯಾಗದೆಯೇ ಪೆಟ್ಟಿಗೆ 23% ಕುಗ್ಗುತ್ತದೆ, ಮೂಲೆಗಳ ನೀರಿಗಾಗಿ ಮಾಡುವ ಲೆಕ್ಕ ಉಳಿಯುತ್ತದೆ.

ಇನ್ನೂ ಕುಗ್ಗಿಸಬೇಕೆಂದರೆ 12 ವಜ್ರಾಕೃತಿಗಳ ಬಹುಫಲಕ ಮಾಡಿ. ಕರ್ಣಗಳು 5 ಮತ್ತು 7.07 ಸೆಂ.ಮೀ. ಇರಲಿ. ಅದರ ಗಾತ್ರ, ಅದರ ಎದುರುಬದುರು ಮುಖಗಳ ಅಂತರದಷ್ಟೇ ಬದಿಯ ಘನದ 71% ಮಾತ್ರ.