ಬೇಸಿಗೇಲಿ ಕರಾವಳಿಗೆ ಹೊರಟಿದ್ರೆ ಬೀಚ್ ಆರಿಸೋದು ಹೀಗೆ

ಏಪ್ರಿಲ್ ಮೇ ರಜೇಲಿ ಹೋಗೋರು ಯಾವ ಬೀಚ್ ಅನ್ನೋಕಿಂತ ಮೊದ್ಲು ಎಷ್ಟೊತ್ತಿಗೆ ಅಂತ ಯೋಚ್ನೆ ಮಾಡಿ, ಹತ್ತು ಗಂಟೆ ದಾಟಿದ್ರೆ ಮರಳು ದೋಸೆ ಕಾವಲಿ ತರ ಕಾದಿರುತ್ತೆ, ನಾನೊಂದ್ಸಲ ಚಪ್ಪಲಿ ಕಾರಲ್ಲೇ ಬಿಟ್ಟು ಹೋಗಿ ವಾಪಸ್ ಬರುವಾಗ ಟವೆಲ್ ಹಾಸೋದು ಅದ್ರ ಮೇಲೆ ಕುಪ್ಪಳಿಸೋದು ಮತ್ತೆ ಎತ್ತಿ ಹಾಸೋದು, ಹಿಂಗೇ ಬಂದಿದ್ದು.

ಮಕ್ಕಳು, ವಯಸ್ಸಾದೋರು ಜೊತೇಲಿದ್ರೆ ಪಡುಬಿದ್ರಿ ಇಲ್ಲಾ ಹೊನ್ನಾವರದ ಹತ್ರ ಕಾಸರಕೋಡು. 2020ರಲ್ಲಿ ಕರ್ನಾಟಕದಲ್ಲಿ ಬ್ಲೂ ಫ್ಲ್ಯಾಗ್ (ಬೀಚ್ ಸ್ವಚ್ಛತೆ, ಸುರಕ್ಷತೆ ನೋಡಿ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದು ಇವೆರಡಕ್ಕೇ, ಟಾಯ್ಲೆಟ್ಟು, ಬಟ್ಟೆ ಬದಲಾಯಿಸೋ ಜಾಗ ಎಲ್ಲಾ ಇದೆ.

ಮರವಂತೆ ನೋಡೋಕೆ ಅದ್ಭುತ, ಒಂದ್ಕಡೆ ಸೌಪರ್ಣಿಕಾ ಒಂದ್ಕಡೆ ಸಮುದ್ರ ನಡುವೆ ಹೈವೇ, ಆದ್ರೆ ಅಲ್ಲಿ ಅಲೆ ಜೋರು, ನೀರಿಗೆ ಇಳಿಯೋ ಆಸೆ ಬಿಟ್ಬಿಡಿ, ಫೋಟೋ ತಗೊಂಡು ಮುಂದೆ ಹೋಗಿ. ಸಂಜೆಗೆ ನನ್ನ ಓಟು ಕಾಪುಗೆ, 1901ರ ಲೈಟ್‌ಹೌಸು, ಬಂಡೆ ಮೇಲೆ ಕೂತ್ರೆ ಬರೋ ಗಾಳಿಗೆ ಸೆಕೆ ಮರ್ತೇ ಹೋಗುತ್ತೆ. ನಡೆಯೋ ಹುಮ್ಮಸ್ಸಿದ್ರೆ ಗೋಕರ್ಣದ ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚು, ಬೆಳಗ್ಗೆ ಬೇಗ ಹೊರಡಿ ಅಷ್ಟೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಬೆಳಗ್ಗೇನೇ ಒಳ್ಳೇದು, ಕಂಬದಂಥ ಕಲ್ಲುಗಳು ಚೆನ್ನಾಗಿವೆ ಆದ್ರೆ ಮಧ್ಯಾಹ್ನ ಅವೂ ಸುಡ್ತವೆ.

ಎಲ್ಲೇ ಹೋದ್ರೂ ಕೆಂಪು ಬಾವುಟ ಕಂಡ್ರೆ ಇಳೀಬೇಡಿ, ನೀರು ಒಳಕ್ಕೆ ಎಳೆದ್ರೆ ದಡಕ್ಕೆ ಎದುರೀಜಬೇಡಿ, ಪಕ್ಕಕ್ಕೆ ಈಜಿ. ಮೇ ಕೊನೆಗೆ ಕಡಲು ಒರಟಾಗೋಕೆ ಶುರು, ಆಗ ದಡದಲ್ಲಿ ಕೂತು ಬೊಂಡ (ಎಳನೀರು) ಕುಡೀರಿ ಸಾಕು.